ಪಲಾಶ್‌ಡುಂಗ್ರಿಯ ಕತ್ತಲೆಗೆ ನಾನು ಕೊಟ್ಟ ಸೊನ್ನೆ

ಮೂವತ್ತನಾಲ್ಕು ವರ್ಷ ಸರ್ಕಾರದ ಸಂಬಳ ಪಡೆದು ನಾನು ಮಾಡಿದ ಕೆಲಸ ದೀಪ ಉರಿಸುವುದು. ಕಚೇರಿ, ಕ್ವಾರ್ಟರ್ಸ್, ಆಸ್ಪತ್ರೆಯ ಅಂಗಳ, ಗೋದಾಮು, ಉದ್ಯಾನ, ಎಲ್ಲೆಲ್ಲಿ ಇಲಾಖೆಯ ಕಂಬ ನಿಂತಿತೋ ಅಲ್ಲೆಲ್ಲ ನನ್ನ ಕೈ ಇದೆ. ಕೊನೆಯ ಮೂರು ವರ್ಷ ಮಾತ್ರ ಅದೇ ಸಂಬಳಕ್ಕೆ ದೀಪ ಆರಿಸುವ ಕೆಲಸ ಮಾಡಿದೆ. ಈಗ ಕೋಲ್ಕತ್ತಾದ ಬೆಹಾಲಾದ ಫ್ಲ್ಯಾಟಿನಲ್ಲಿ ಚಹಾ ಹಿಡಿದು ಕೂತರೆ ನೆನಪಾಗುವುದು ಆ ಮೂರು ವರ್ಷಗಳೇ. ವಿದ್ಯುತ್ ವಿಭಾಗಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಯಾರಾದರೂ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಬಡ್ತಿ ಸಿಕ್ಕಿತು ಎಂಬ ಪುರಾಣ ಇಲ್ಲಿಲ್ಲ. ಅದು ಸೇವಾ ಪುಸ್ತಕದಲ್ಲಿದೆ, ಅಲ್ಲೇ ಬೆಚ್ಚಗಿರಲಿ.

ನಾನು ಗದಗಿನವಳು. ರೈಲ್ವೆಯಲ್ಲಿದ್ದ ಗಂಡನ ಹಿಂದೆ ಕೋಲ್ಕತ್ತಾಗೆ ಬಂದು, ಇಲ್ಲಿಯೇ ಜೂನಿಯರ್ ಇಂಜಿನಿಯರ್ ಆಗಿ ಸೇರಿದೆ. ನನ್ನ ಮೊದಲ ಮೇಲಧಿಕಾರಿ ಸೇನ್ ಬಾಬು. ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ಕೊಡೆ, ಕೈಯಲ್ಲಿ ಉದ್ದನೆಯ ರಿಜಿಸ್ಟರ್. ನಮ್ಮ ವಿಭಾಗದಲ್ಲಿ 'ಸಂಜೆ ಎಣಿಕೆ' ಎಂಬ ಪದ್ಧತಿ ಇತ್ತು. ದೀಪ ಹಚ್ಚುವ ಹೊತ್ತಿಗೆ ಕಂಬದ ಸಾಲಿನ ಗುಂಟ ನಡೆಯುತ್ತ ಒಂದೊಂದು ದೀಪವನ್ನೂ ಎಣಿಸಬೇಕು; ಉರಿಯದ ದೀಪದ ನಂಬರಿಗೆ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಬೇಕು. ಸೇನ್ ಬಾಬು ಮಳೆಯಲ್ಲೂ ಎಣಿಕೆ ತಪ್ಪಿಸಿದವರಲ್ಲ. ಸಾಲಿನಲ್ಲಿ ಒಂದು ದೀಪ ಆರಿದ್ದರೆ ಅವರಿಗೆ ಸ್ವಂತ ಹಲ್ಲು ಉದುರಿದಷ್ಟು ಸಂಕಟ.

"ನೆನಪಿಟ್ಟುಕೋ," ಎಂದು ಮೊದಲ ದಿನವೇ ಹೇಳಿದ್ದರು. "ದೀಪ ಉರಿಯಲಿಲ್ಲ ಅಂದರೆ ತಪ್ಪು ದೀಪದ್ದಲ್ಲ. ನಮ್ಮದು."

ಆ ಮಾತನ್ನು ನಾನು ಮನಸ್ಸಿನಲ್ಲಿ ಎಷ್ಟು ಭದ್ರವಾಗಿ ಇಟ್ಟುಕೊಂಡೆನೆಂದರೆ, ಮುಂದೆ ನನ್ನ ಕೈಕೆಳಗೆ ಬಂದ ಲೈನ್‌ಮನ್‌ಗಳಿಗೂ ಅದನ್ನೇ ಕಲಿಸಿದೆ. ಗಂಡ ಗೇಲಿ ಮಾಡುತ್ತಿದ್ದರು. ಪೂಜೆಯ ದಿನಗಳಲ್ಲಿ ಊರೆಲ್ಲ ದುರ್ಗೆಯ ಮುಖ ನೋಡಿದರೆ ನಾನು ಪಂಡಾಲಿನ ಸೀರಿಯಲ್ ಸೆಟ್ಟಿನಲ್ಲಿ ಎಷ್ಟು ಬಲ್ಬು ಸತ್ತಿವೆ ಎಂದು ನೋಡುತ್ತಿದ್ದೆ.

ಈ ಹುಮ್ಮಸ್ಸಿನಲ್ಲಿಯೇ ಪಲಾಶ್‌ಡುಂಗ್ರಿಗೆ ಹೋದೆ. ಕೋಲ್ಕತ್ತಾದಿಂದ ಪಶ್ಚಿಮಕ್ಕೆ ರೈಲು, ಆಮೇಲೆ ಬಸ್ಸು, ಆಮೇಲೆ ಜೀಪು. ಸಾಲ್ ಮರಗಳ ಕಾಡಿನ ನಡುವೆ ಒಂದು ಗುಡ್ಡ, ಗುಡ್ಡದ ಬುಡದಲ್ಲಿ ಕೆರೆ, ಅತಿಥಿಗೃಹ, ಕೊಂಚ ಮೇಲೆ ಅಡುಗೆಮನೆ, ತುದಿಯವರೆಗೂ ಕಲ್ಲಿನ ಮೆಟ್ಟಿಲು. ಅದು ಸಾರ್ವಜನಿಕ ಉದ್ಯಾನ, ಆದರೆ ಸಾರ್ವಜನಿಕರು ವಾರಕ್ಕೆ ನಾಲ್ವರು ಬಂದರೆ ಹೆಚ್ಚು. ಅಲ್ಲಿಯ ಕಾವಲುಗಾರ ಸುಫಲ್‌ದಾ; ಬಂಗಾಳಿಯಲ್ಲಿ 'ದಾ' ಎಂದರೆ ಅಣ್ಣ, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಹಿರಿಯ, ಆದರೂ ನನ್ನನ್ನು ದಿದಿ, ಅಂದರೆ ಅಕ್ಕ, ಎನ್ನುತ್ತಿದ್ದ. ಅವನ ಹೆಂಡತಿ ಮಾಲತಿ ಅಡುಗೆಯವಳು. ಉದ್ಯಾನಕ್ಕೆ ಬೆಳಕಿನ ವ್ಯವಸ್ಥೆ ಸಾಲದು ಎಂದು ಯಾರೋ ಅರ್ಜಿ ಕೊಟ್ಟಿದ್ದರು. ಸರ್ವೆ ಮಾಡಲು ನನ್ನನ್ನು ಕಳಿಸಿದ್ದರು.

ಕತ್ತಲಾಗುತ್ತಲೇ ಲಕ್ಸ್ ಮೀಟರ್ ತೆಗೆದು ನೆಲದ ಮೇಲೆ ಅಲ್ಲಲ್ಲಿ ಇಟ್ಟೆ. ಅದು ಬಿದ್ದ ಬೆಳಕನ್ನು ಅಳೆಯುವ ಯಂತ್ರ. ಮೆಟ್ಟಿಲ ಬಳಿ ಸೊನ್ನೆ, ಕೆರೆ ದಂಡೆಯಲ್ಲಿ ಸೊನ್ನೆ, ಗುಡ್ಡದ ತುದಿಯಲ್ಲಿ ಸೊನ್ನೆ. ನಮ್ಮ ವೃತ್ತಿಯಲ್ಲಿ ಸೊನ್ನೆ ಎಂದರೆ ಒಂದೇ ಅರ್ಥ: ಕೊರತೆ. ಜೀಪಿನಲ್ಲಿ ಕೂತು ಬರೆದೇಬಿಟ್ಟೆ. 'ಇರುವ ಬೆಳಕು: ಸೊನ್ನೆ. ಗುಡ್ಡದ ತುದಿಯಲ್ಲಿ ಹೈಮಾಸ್ಟ್ ಕಂಬ ಅಗತ್ಯ.' ಹೈಮಾಸ್ಟ್ ಎಂದರೆ ತಲೆಯಲ್ಲಿ ದೊಡ್ಡ ದೀಪಗಳ ಗೊಂಚಲು ಹೊತ್ತ ಮುಗಿಲೆತ್ತರದ ಕಂಬ.

ಸುಫಲ್‌ದಾ ಜೀಪಿನ ಬಾಗಿಲಿಗೆ ಬಂದು, "ದಿದಿ, ಅನ್ನಕ್ಕೆ ಇಟ್ಟಿದ್ದೀವಿ. ಅದು ಬೇಯೋವರೆಗೆ ಹೊರಗೆ ಕೂತು ಹೋಗಿ," ಎಂದ.

"ಹಸಿವಿಲ್ಲ ಸುಫಲ್‌ದಾ."

"ಊಟಕ್ಕಲ್ಲ, ಕೂತುಕೊಳ್ಳೋದಕ್ಕೆ."

ಅದೇನು ಮಾತೋ ನನಗೆ ತಿಳಿಯಲಿಲ್ಲ. ರೈಲಿಗೆ ಹೊತ್ತಾಗುತ್ತದೆ ಎಂದು ಹೊರಟುಬಂದೆ. ನಾನು ಬರೆದ ಅಂದಾಜು ಪಟ್ಟಿ ಮೇಲಕ್ಕೆ ಹೋಯಿತು. ಅಲ್ಲಿ ಫೈಲುಗಳು ಮಲಗುವಂತೆ ಅದೂ ಮಲಗಿತು. ನಾನು ಮರೆತೆ.

ವರ್ಷಗಳಾದ ಮೇಲೆ, ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ, ನನ್ನ ಮೇಜಿಗೆ ಒಂದೇ ವಾರದಲ್ಲಿ ಎರಡು ಕಾಗದ ಬಂದವು. ಒಂದು, ಪಲಾಶ್‌ಡುಂಗ್ರಿಯ ರಾತ್ರಿ ಆಕಾಶ ಅಪರೂಪದ್ದು, ಅದನ್ನು ಕಾಯ್ದಿಡಬೇಕು, ಈಚಿನ ವರ್ಷಗಳಲ್ಲಿ ಮೆಟ್ಟಿಲಿಗೂ ಅತಿಥಿಗೃಹಕ್ಕೂ ಹಾಕಿದ ದೀಪಗಳನ್ನು ತಗ್ಗಿಸಿ ಎಂಬ ಆದೇಶ. ಇನ್ನೊಂದು, ಅದೇ ಪಲಾಶ್‌ಡುಂಗ್ರಿಗೆ ಹೈಮಾಸ್ಟ್ ಮಂಜೂರಾಗಿದೆ ಎಂಬ ಸುದ್ದಿ. ಮಲಗಿದ್ದ ನನ್ನ ಫೈಲು ಎದ್ದು ಕೂತಿತ್ತು. ಆಗ ನಮ್ಮ ಕಾರ್ಯನಿರ್ವಾಹಕ ಇಂಜಿನಿಯರ್ ಘೋಷಾಲ್ ಸಾಹೇಬರು. ದಪ್ಪ ಕನ್ನಡಕ, ಸಣ್ಣ ದನಿ. ಬೈಯುವುದಾದರೂ ಪಾನ್ ಕಟ್ಟಿಕೊಟ್ಟಷ್ಟು ಮರ್ಯಾದೆಯಿಂದ ಬೈಯುವವರು.

"ಮಿಸೆಸ್ ಹಿರೇಮಠ್," ಎಂದರು ಎರಡೂ ಕಾಗದ ಮುಂದಿಟ್ಟು. "ಇಲ್ಲಿ ಒಬ್ಬ ಹೆಂಗಸು ಬೆಳಕು ಬೇಕೇಬೇಕು ಅಂತ ಸಹಿ ಮಾಡಿದ್ದಾಳೆ. ಇಲ್ಲಿ ಇನ್ನೊಬ್ಬಳು ಬೇಡ ಅಂತ ಮಾಡಬೇಕು. ಇಬ್ಬರಲ್ಲಿ ಯಾರು ಸರಿ ಅಂತ ನೀವೇ ಪತ್ತೆ ಮಾಡಿ. ಗುತ್ತಿಗೆದಾರ ಚಳಿಗಾಲದಲ್ಲಿ ಪಾಯ ತೋಡ್ತಾನೆ. ಅಷ್ಟರೊಳಗೆ."

ಸಹೋದ್ಯೋಗಿಗಳು ಬುದ್ಧಿ ಹೇಳಿದರು. ಮಂಜೂರಾದ ಕಂಬವನ್ನು ರದ್ದು ಮಾಡಿಸಬೇಕಾದರೆ, ಸರ್ವೆ ತಪ್ಪಾಗಿತ್ತು ಎಂದು ಸರ್ವೆ ಮಾಡಿದವರೇ ಫೈಲಿನಲ್ಲಿ ಬರೆದುಕೊಡಬೇಕು. ನಿವೃತ್ತಿ ಹತ್ತಿರವಿರುವಾಗ ಹಾಗೆ ಬರೆದುಕೊಟ್ಟರೆ ವಿಚಾರಣೆ, ವಿವರಣೆ, ಪಿಂಚಣಿಗೆ ಅಡ್ಡಿ. ಸುಮ್ಮನಿದ್ದರೆ ಕಂಬ ತಾನಾಗಿ ಏಳುತ್ತದೆ, ನಾನು ತಾನಾಗಿ ಮನೆಗೆ ಹೋಗುತ್ತೇನೆ. ಸುಮ್ಮನಿರುವುದೇ ಮೇಲೆಂದು ನನಗೂ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ.

ನನ್ನನ್ನು ಎಬ್ಬಿಸಿದವಳು ರೆಹಾನಾ. ಬೆಂಗಳೂರಿನ ಹುಡುಗಿ, ಇಲ್ಲಿ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, ನಮ್ಮ ಮೇಲಿನ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದಳು. ಕನ್ನಡ ಮಾತಾಡುವ ಆಸೆಗೆ ಅರ್ಧ, ನನ್ನ ಜೋಳದ ರೊಟ್ಟಿಯ ಆಸೆಗೆ ಅರ್ಧ ಭಾನುವಾರ ಬರುತ್ತಿದ್ದಳು. ಅವಳಿಗೆ ನಕ್ಷತ್ರದ ಹುಚ್ಚು. ಒಂದು ಸಂಜೆ ತಾರಸಿಗೆ ಕರೆದೊಯ್ದು ಬೆಂಕಿಪೊಟ್ಟಣದಷ್ಟು ಯಂತ್ರವನ್ನು ಆಕಾಶಕ್ಕೆ ಹಿಡಿದಳು.

"ಇದೇನವಾ, ಆಕಾಶಕ್ಕ ಹಿಡದಿ? ನಮಗ ಬೇಕಾದ್ದು ನೆಲದ ಮ್ಯಾಲಿನ ಬೆಳಕು," ಎಂದೆ.

"ಆಂಟಿ, ಇದು ಬೆಳಕು ಅಳೆಯಲ್ಲ. ಆಕಾಶ ಎಷ್ಟು ಕಪ್ಪಗಿದೆ ಅಂತ ಹೇಳುತ್ತೆ. ಕಪ್ಪಗಿದ್ದಷ್ಟೂ ನಂಬರ್ ಜಾಸ್ತಿ. ನೋಡಿ, ನಮ್ಮ ಬೆಹಾಲಾ ಫೇಲು."

"ಕತ್ತಲಿಗೆ ಮಾರ್ಕ್ಸ್ ಕೊಡೂ ಮೀಟರ್ ಮಾಡ್ಯಾರೇನು! ನಮ್ಮ ಅಜ್ಜಿ ಕೇಳಿದ್ರ ಬಡೀತಿದ್ಲು," ಎಂದು ನಕ್ಕೆ. ನಮ್ಮ ಅಜ್ಜಿಯ ಮನೆಯಲ್ಲಿ 'ದೀಪ ಆರಿಸು' ಎನ್ನುವಂತೆಯೇ ಇರಲಿಲ್ಲ. 'ದೊಡ್ಡದು ಮಾಡು' ಎನ್ನಬೇಕಿತ್ತು. ನಕ್ಕೆನೇನೋ ಹೌದು, ಆದರೆ ನಾನು ಸೊನ್ನೆ ಕೊಟ್ಟ ಊರಿಗೆ ಈ ಯಂತ್ರ ಎಷ್ಟು ಮಾರ್ಕ್ಸ್ ಕೊಡಬಹುದು ಎಂಬ ಕುತೂಹಲ ಅಂದಿನಿಂದ ಬಿಡಲಿಲ್ಲ. ಮುಂದಿನ ಅಮಾವಾಸ್ಯೆಗೆ ಅವಳನ್ನು ಕರೆದುಕೊಂಡು ಪಲಾಶ್‌ಡುಂಗ್ರಿಗೆ ಹೊರಟೆ.

ಸುಫಲ್‌ದಾ ನನ್ನನ್ನು ಮರೆತಿರಲಿಲ್ಲ. "ಈ ಸಲ ಕೂರ್ತೀರಾ ದಿದಿ?" ಎಂದಷ್ಟೇ ಕೇಳಿದ. ಅವನ ಪದ್ಧತಿ ಹೀಗೆ: ಬಂದವರ ಟಾರ್ಚು, ಮೊಬೈಲು ಎಲ್ಲವನ್ನೂ ಇಸಿದುಕೊಂಡು ಅಕ್ಕಿ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿಯುತ್ತಾನೆ. ಮಾಲತಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಲೆಯ ಮೇಲೆ ಅನ್ನಕ್ಕೆ ಇಡುತ್ತಾಳೆ. ಬಂದವರು ಅಡುಗೆಮನೆಗೆ ಬೆನ್ನು ಹಾಕಿ, ದೀಪಗಳಿಲ್ಲದ ಗುಡ್ಡದ ಆಚೆ ಬದಿಯ ಚಪ್ಪಡಿಯ ಮೇಲೆ ಕೂರಬೇಕು. ಅನ್ನ ಬೆಂದ ವಾಸನೆ ಬರುವ ತನಕ ತಲೆ ಎತ್ತಬಾರದು, ತಿರುಗಬಾರದು. ಕಣ್ಣಿಗೆ ಕತ್ತಲೆ ಒಗ್ಗಲು ಅಷ್ಟು ಹೊತ್ತು ಬೇಕು. ಇದನ್ನು ಅವನಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ರಾತ್ರಿ ಕಾವಲು ತಿರುಗಿ ತಿರುಗಿ ತಾನೇ ಕಂಡುಕೊಂಡಿದ್ದ.

ವಾಸನೆ ಬಂತು. "ಈಗ ನೋಡಿ," ಎಂದ.

ತಲೆ ಎತ್ತಿದೆ. ನಾನು ಗದಗಿನಲ್ಲಿ ಮಾಳಿಗೆಯ ಮೇಲೆ ಮಲಗಿ ಬೆಳೆದವಳು, ನಕ್ಷತ್ರ ನೋಡದವಳಲ್ಲ. ಆದರೂ ಇಂಥದ್ದು ಕಂಡಿರಲಿಲ್ಲ. ಗುಡ್ಡದ ಅಂಚಿನಿಂದ ಕೆರೆಯ ಅಂಚಿನವರೆಗೆ ಆಕಾಶದಲ್ಲಿ ಖಾಲಿ ಜಾಗವೇ ಇರಲಿಲ್ಲ. ಹಾಲುಹಾದಿ ಕೆರೆಯ ನೀರಿನಲ್ಲೂ ಬಿದ್ದಿತ್ತು. ರೆಹಾನಾ ತನ್ನ ಯಂತ್ರವನ್ನು ಆಕಾಶಕ್ಕೆ ಹಿಡಿದಳು. ಸ್ವಲ್ಪ ಹೊತ್ತಾದ ಮೇಲೆ ಯಂತ್ರ ನೋಡಿ, "ಆಂಟಿ, ಫಸ್ಟ್ ಕ್ಲಾಸ್," ಎಂದು ಪಿಸುಗುಟ್ಟಿದಳು. ನಾನು ಅಳುತ್ತಿದ್ದೆ. ಕತ್ತಲೆಯಲ್ಲಿ ಯಾರಿಗೂ ಕಾಣಲಿಲ್ಲ. ಈ ಗುಡ್ಡದ ತುದಿಗೆ ನಾನು ಕಂಬ ಬರೆದಿದ್ದೆ.

ಇಲ್ಲಿಗೆ ನನ್ನ ಮೊದಲ ತಪ್ಪಿನ ಕಥೆ ಮುಗಿಯಿತು, ಎರಡನೆಯದು ಶುರುವಾಯಿತು. ಕೋಲ್ಕತ್ತಾಗೆ ಬಂದವಳೇ ಹುಕುಂ ಹೊರಡಿಸಿದೆ: ಉದ್ಯಾನದ ಎಲ್ಲ ದೀಪಗಳನ್ನೂ ಆರಿಸಿ. ಎಲ್ಲ ಎಂದರೆ ಎಲ್ಲ. ಹೊಸದಾಗಿ ಮತಾಂತರವಾದವರ ಭಕ್ತಿ ಹೆಚ್ಚಲ್ಲವೇ. ಹದಿನೈದು ದಿನ ಆಗಿರಲಿಲ್ಲ, ಅತಿಥಿಗೃಹಕ್ಕೆ ಊಟ ಒಯ್ಯುತ್ತಿದ್ದ ಮಾಲತಿ ಮೆಟ್ಟಿಲಲ್ಲಿ ಜಾರಿಬಿದ್ದು ಬಲ ಮಣಿಕಟ್ಟು ಮುರಿದುಕೊಂಡಳು.

ಓಡಿಹೋದೆ. ಪ್ಲಾಸ್ಟರ್ ಹಾಕಿದ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ದಿದಿ, ಇವರಿಗೆ ಆಕಾಶ ನೋಡೋ ಕೆಲಸ," ಎಂದು ಗಂಡನ ಕಡೆ ಗದ್ದ ಚಾಚಿದಳು. "ನನ್ನದು ಮೆಟ್ಟಿಲಿಳಿಯೋ ಕೆಲಸ. ಅದನ್ನು ಯಾರೂ ಕೇಳಲಿಲ್ಲ."

ನಾನು ತಲೆತಗ್ಗಿಸಿದೆ. ಮೊದಲು ಬೆಳಕು ಬೇಕೆಂದು ಬರೆಯುವಾಗಲೂ ಅಲ್ಲಿದ್ದವರನ್ನು ಕೇಳಿರಲಿಲ್ಲ, ತೆಗೆಯುವಾಗಲೂ ಕೇಳಲಿಲ್ಲ. ಹೊಸಬರು ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ಅವಳು ಬಿದ್ದ ಸುದ್ದಿ ಜಿಲ್ಲಾ ಕಚೇರಿಗೂ ಮುಟ್ಟಿತು. ಕಂಬ ಬೇಕೆನ್ನುವವರಿಗೆ ಬಾಯಿ ಬಂತು. ಘೋಷಾಲ್ ಸಾಹೇಬರು ನನ್ನನ್ನು ಕರೆಸಿ, "ಕೈ ಮುರಿಯದ ಹಾಗೆ ಕತ್ತಲೆ ಮಾಡೋಕೆ ಬರುತ್ತಾ? ಬರಲ್ಲ ಅಂದರೆ ಹೇಳಿ, ಕಂಬ ಹಾಕಿಸ್ತೀನಿ," ಎಂದರು. ಮರ್ಯಾದೆಯ ದನಿಯೇ, ಆದರೆ ಆ ದಿನ ಪಾನ್ ಇರಲಿಲ್ಲ.

ಉತ್ತರ ಸಿಕ್ಕಿದ್ದು ಕೋಲ್ಕತ್ತಾದ ಖಿದಿರ್‌ಪುರದಲ್ಲಿ. ಹಳೆಯ ಹಡಗುಗಳಿಂದ ಕಳಚಿದ ಸಾಮಾನು ಮಾರುವ ಅಂಗಡಿಗಳು ಬಂದರಿನ ಹತ್ತಿರ ಇವೆ. ನನ್ನ ಗಂಡನ ಪರಿಚಯದ ಒಬ್ಬ ಚಾಚಾ ಅಂಥ ಅಂಗಡಿಯಲ್ಲಿ ಹಿತ್ತಾಳೆ ತಿಕ್ಕುತ್ತ ಕೂರುತ್ತಿದ್ದರು. ಹಡಗಿನಲ್ಲಿ ರಾತ್ರಿ ಚುಕ್ಕಾಣಿ ಹಿಡಿದವನ ಕಣ್ಣಿಗೆ ಒಂದು ಹನಿ ಬೆಳಕೂ ಬೀಳಬಾರದಂತೆ, ಆದರೆ ಏಣಿ ಹತ್ತಿಳಿಯುವವನ ಕಾಲು ತಪ್ಪಲೂಬಾರದಂತೆ. ಹೇಗೆ ಎಂದು ಕೇಳಿದೆ. ಅವರು ಮೂಲೆಯಿಂದ ಒಂದು ದೀಪ ಎಳೆದು ತೋರಿಸಿದರು. ಮೊಣಕಾಲಿಗಿಂತ ಕೆಳಗೆ ಗೋಡೆಗೆ ಕೂರುವ ಪುಟ್ಟ ದೀಪ, ಮೇಲೆ ಹುಬ್ಬಿನಂಥ ಮುಚ್ಚಿಗೆ, ಕೆಂಪು ಗಾಜು. ಬೆಳಕು ಮೆಟ್ಟಿಲ ಮೇಲೆ ಒಂದು ಮೊಳ ಬಿದ್ದು ಅಲ್ಲೇ ನಿಲ್ಲುತ್ತದೆ.

ಅದೇ ಮಾದರಿಯಲ್ಲಿ ತಗಡಿನ ಮುಚ್ಚಿಗೆ ಮಾಡಿಸಿ, ಚಿಕ್ಕ ಕೆಂಪು ಬಲ್ಬು ತರಿಸಿದೆವು. ಎಲ್ಲೆಲ್ಲಿ ಕೂರಿಸಬೇಕು ಎಂದು ಈ ಸಲ ಮಾಲತಿಯನ್ನು ಮುಂದೆ ಬಿಟ್ಟುಕೊಂಡು ನಡೆದೆ. ಅವಳು ಎಡಗೈಯಲ್ಲಿ ಸುಣ್ಣ ಹಿಡಿದು ಮೆಟ್ಟಿಲಿಗೆ ಗುರುತು ಹಾಕಿದಳು. ಒಂದು ಕಡೆ ನಾನು ಅನವಶ್ಯಕ ಎಂದಾಗ, "ಇಲ್ಲಿ ಮಳೆಗಾಲದಲ್ಲಿ ಹಾವು ಮಲಗುತ್ತೆ," ಎಂದು ಎರಡು ಗುರುತು ಹಾಕಿದಳು. ಮೂವತ್ತು ವರ್ಷದಲ್ಲಿ ನಾನು ನೋಡಿದ ಅತ್ಯುತ್ತಮ ಲೈಟಿಂಗ್ ಡ್ರಾಯಿಂಗ್ ಅದು. ಊಟದ ಓಡಾಟ ಮುಗಿದ ಮೇಲೆ ದೀಪಗಳು ತಾವೇ ಆರುವಂತೆ ಟೈಮರ್ ಹಾಕಿದೆವು.

ಘೋಷಾಲ್ ಸಾಹೇಬರು ತಾವೇ ಬಂದು ನೋಡುತ್ತೇನೆ ಎಂದರು. ಅವರು ಸರಿ ಎಂದರೆ ಕಂಬ ಏಳುವುದಿಲ್ಲ. ಅಲ್ಲ ಎಂದರೆ ಮರುದಿನವೇ ಪಾಯ. ಅಮಾವಾಸ್ಯೆ ಸಂಜೆ ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಗುಡ್ಡದ ತಿರುವಿಗೆ ಬಂದೆ. ಬಂದರೆ, ಪಲಾಶ್‌ಡುಂಗ್ರಿ ಮದುವೆ ಛತ್ರದ ಹಾಗೆ ಝಗಝಗಿಸುತ್ತಿತ್ತು.

ಆದದ್ದು ಇಷ್ಟು. ಅಷ್ಟರಲ್ಲಿ ಸಂಜೆ ಎಣಿಕೆಯ ರಿಜಿಸ್ಟರ್ ಹೋಗಿ ಕೋಲ್ಕತ್ತಾದ ಕಂಟ್ರೋಲ್ ರೂಮಿನಲ್ಲಿ ದೊಡ್ಡ ಪರದೆ ಬಂದಿತ್ತು. ಒಂದೊಂದು ದೀಪಕ್ಕೂ ಒಂದೊಂದು ಚುಕ್ಕೆ. ಉರಿದರೆ ಹಸಿರು, ಆರಿದರೆ ಕೆಂಪು. ಮೂರನೆಯ ಬಣ್ಣ ಇಲ್ಲ. ಟೈಮರ್ ಹಾಕಿದ ರಾತ್ರಿಯಿಂದ ಪಲಾಶ್‌ಡುಂಗ್ರಿ ಪೂರ್ತಿ ಕೆಂಪಾಗಿತ್ತು, ದೂರು ತಾನಾಗಿ ದಾಖಲಾಗಿತ್ತು. ಹತ್ತಿರದ ಉಪವಿಭಾಗದಿಂದ ರಿಪೇರಿ ತಂಡ ಬಂದು, ಮುಚ್ಚಿಗೆಗಳನ್ನೂ ಚಿಕ್ಕ ಬಲ್ಬುಗಳನ್ನೂ ಕಿತ್ತು ಗೋಣಿಚೀಲಕ್ಕೆ ತುಂಬಿ, ಟೈಮರ್ ತಪ್ಪಿಸಿ, ಎಲ್ಲ ಕಡೆ ದೊಡ್ಡ ಬಿಳಿ ಬಲ್ಬು ಹಾಕಿತ್ತು. ಸುಫಲ್‌ದಾ ಅಡ್ಡಬಂದು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಪರದೆಯವರಿಗೆ ಮೊದಲೇ ತಿಳಿಸಬೇಕೆಂದು ನನಗೆ ಹೊಳೆದಿರಲಿಲ್ಲ. ಅದು ನನ್ನ ಮೂರನೆಯ ತಪ್ಪು.

ತಂಡದ ಮುಖ್ಯಸ್ಥ ತಪನ್ ಮೆಟ್ಟಿಲ ಬಳಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಮುಖದಲ್ಲಿ ಹೆಮ್ಮೆ.

"ಮ್ಯಾಡಮ್, ಸಾಹೇಬರು ಬರ್ತಾರೆ ಅಂತ ಗೊತ್ತಾಯ್ತು. ಬೆಳಿಗ್ಗೆಯಿಂದ ಊಟಕ್ಕೂ ಹೋಗಿಲ್ಲ. ಒಂದು ದೀಪವೂ ಬಾಕಿ ಇಲ್ಲ. ನೀವೇ ಹೇಳ್ತಿದ್ರಲ್ಲ, ಉರಿಯದ ದೀಪ ನಮ್ಮ ತಪ್ಪು ಅಂತ."

ಬೈಯಬೇಕೆಂದಿದ್ದೆ. ಆದರೆ ಅವನು ನನ್ನ ಕೈಕೆಳಗೇ ಕೆಲಸ ಕಲಿತವನು. ಸೇನ್ ಬಾಬು ನನಗೆ ಕೊಟ್ಟದ್ದನ್ನು ನಾನು ಅವನಿಗೆ ಕೊಟ್ಟಿದ್ದೆ, ಅವನು ಅದನ್ನು ಚಾಚೂತಪ್ಪದೆ ಪಾಲಿಸಿದ್ದ. "ಚೆನ್ನಾಗಿ ಮಾಡಿದೀಯ ತಪನ್. ತಪ್ಪು ನನ್ನದು," ಎಂದೆ. ಸಾಹೇಬರ ಕಡೆ ತಿರುಗಿ, ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಹಳೆಯ ಸೊನ್ನೆಯಿಂದ ಹಿಡಿದು ಆ ಸಂಜೆಯವರೆಗೆ, ಒಂದನ್ನೂ ಬಿಡಲಿಲ್ಲ.

ಅವರು ಏನೂ ಹೇಳುವ ಮೊದಲೇ ಸುಫಲ್‌ದಾ ಹೋಗಿ ಮೇನ್ ಸ್ವಿಚ್ ಎಳೆದ. ಗುಡ್ಡ ಕಪ್ಪಾಯಿತು. "ಬಾಬು, ಫೋನು ಕೊಡಿ," ಎಂದ ಕಾರ್ಯನಿರ್ವಾಹಕ ಇಂಜಿನಿಯರಿಗೆ. ಅವರ ಫೋನು, ಟಾರ್ಚು, ತಪನ್‌ನದೂ ಸೇರಿ ಅಕ್ಕಿ ಡಬ್ಬಿಗೆ ಹೋದವು. ಮಾಲತಿ ಅನ್ನಕ್ಕೆ ಇಟ್ಟಳು. ಸಾಹೇಬರು ಪ್ಯಾಂಟಿನ ಇಸ್ತ್ರಿ ಲೆಕ್ಕಿಸದೆ ಮೆಟ್ಟಿಲ ಬುಡದ ಚಪ್ಪಡಿಯ ಮೇಲೆ ಕೂತರು. ನಾನು, ತಪನ್ ಇಬ್ಬರೂ ಗೋಣಿಚೀಲದಲ್ಲಿ ತಡಕಾಡಿ, ಬರೀ ಕೈಯಂದಾಜಿನಲ್ಲಿ ಮಾಲತಿಯ ಸುಣ್ಣದ ಗುರುತು ಹುಡುಕಿ, ಆದಷ್ಟು ಮುಚ್ಚಿಗೆಗಳನ್ನೂ ಚಿಕ್ಕ ಬಲ್ಬುಗಳನ್ನೂ ಮತ್ತೆ ಕೂರಿಸಿದೆವು. ಮಿಕ್ಕ ಬಲ್ಬುಗಳನ್ನೆಲ್ಲ ಬಿಚ್ಚಿಟ್ಟೆವು. ಅನ್ನದ ವಾಸನೆ ಬಂದಾಗ ಸಾಹೇಬರು ತಲೆ ಎತ್ತಿದ್ದು ಗೊತ್ತಾಯಿತು, ಏಕೆಂದರೆ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ ಸದ್ದು ಕೇಳಿತು.

ಆಮೇಲೆ ಸುಫಲ್‌ದಾ ಮೇನ್ ಒತ್ತಿದ. ಮೆಟ್ಟಿಲ ಗುಂಟ ಕೆಂಪಗೆ ಒಂದೊಂದು ಮೊಳ ಬೆಳಕು ಬಿತ್ತು. ಆಕಾಶದಲ್ಲಿ ಒಂದು ನಕ್ಷತ್ರವೂ ಕಡಿಮೆಯಾಗಲಿಲ್ಲ. ಮಾಲತಿ ಅನ್ನದ ಪಾತ್ರೆ ಹಿಡಿದು ಮೆಟ್ಟಿಲಿಳಿದು ಬಂದಳು. ಅವಳ ಮಣಿಕಟ್ಟು ಇನ್ನೂ ಸ್ವಲ್ಪ ಓರೆಯಿತ್ತು.

ಸಾಹೇಬರು ಎದ್ದುನಿಂತು ಕೇಳಿದರು: "ಬಿದ್ದವರು ನೀವು. ನಿಮಗೋಸ್ಕರ ಅಂತಲೇ ಕಂಬ ಕೇಳ್ತಿದ್ದಾರೆ. ನೀವು ಹೇಳಿ, ಬೆಳಕು ಬೇಕಾ ಬೇಡವಾ?"

"ಬೇಕು ಬಾಬು. ಕಾಲಿಗೆ ಬೇಕು," ಎಂದಳು ಮಾಲತಿ. "ತಲೆ ಮೇಲೆ ಬೇಡ. ಅನ್ನ ಆರುತ್ತೆ, ಕೂತ್ಕೊಳ್ಳಿ."

ಕೋಲ್ಕತ್ತಾಗೆ ಮರಳಿದ ಮೇಲೆ ಫೈಲಿನಲ್ಲಿ ಬರೆದುಕೊಟ್ಟೆ: 'ಹಿಂದಿನ ಸರ್ವೆ ನನ್ನದು. ಅದು ತಪ್ಪು. ಅಳೆಯುವಾಗ ನಾನು ತಲೆ ಎತ್ತಿರಲಿಲ್ಲ, ಅಲ್ಲಿರುವವರನ್ನು ಕೇಳಿರಲಿಲ್ಲ.' ಅದರ ಕೆಳಗೆ ಘೋಷಾಲ್ ಸಾಹೇಬರು ತಮ್ಮ ಸಣ್ಣ ಅಕ್ಷರದಲ್ಲಿ ಸೇರಿಸಿದರು: 'ಸ್ಥಳದಲ್ಲಿ ಅನ್ನ ಬೇಯುವವರೆಗೆ ಕೂತು ಪರಿಶೀಲಿಸಿದ್ದೇನೆ. ಇಂಜಿನಿಯರ್ ಬರೆದಿರುವುದು ನಿಜ. ಕಂಬ ಬೇಡ.' ಸರ್ಕಾರಿ ಫೈಲಿನಲ್ಲಿ ಅನ್ನ ಬೇಯುವುದನ್ನು ಕಂಡು ಲೆಕ್ಕಪರಿಶೋಧಕರು ವಿವರಣೆ ಕೇಳಿದರಂತೆ, ಸಾಹೇಬರು ಕೊಟ್ಟರಂತೆ. ಅಂಥ ಮೇಲಧಿಕಾರಿ ಎಲ್ಲರಿಗೂ ಸಿಗುವುದಿಲ್ಲ. ನನಗೂ ಮೆಮೊ ಬಂತು, ವಿಚಾರಣೆ ಆಯಿತು, ಪಿಂಚಣಿ ಎಂಟು ತಿಂಗಳು ತಡವಾಯಿತು. ಕಂಟ್ರೋಲ್ ರೂಮಿನ ಪರದೆಗೆ ಮೂರನೆಯ ಬಣ್ಣ ಬಂತು. ನೀಲಿ ಎಂದರೆ ಬೇಕೆಂದೇ ಆರಿಸಿದ್ದು. ಅದನ್ನು ಹಾಕಿಸುವವರೆಗೆ ಪಟ್ಟುಹಿಡಿದು ಓಡಾಡಿದವನು ತಪನ್.

ಪ್ರತಿ ಅಮಾವಾಸ್ಯೆ ಸಂಜೆ ಸುಫಲ್‌ದಾ ಫೋನು ಮಾಡುತ್ತಾನೆ. ಹೆಚ್ಚು ಮಾತಿಲ್ಲ. "ದಿದಿ, ಅನ್ನ ಬೆಂತು," ಎನ್ನುತ್ತಾನೆ, ಫೋನನ್ನು ಅಕ್ಕಿ ಡಬ್ಬಿಗೆ ಹಾಕುತ್ತಾನೆ. ನಾನು ತಾರಸಿಗೆ ಹೋಗುತ್ತೇನೆ. ಬೆಹಾಲಾದ ಆಕಾಶ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಹಳೆಯ ಚಾಳಿ, ನಕ್ಷತ್ರ ಎಣಿಸುತ್ತೇನೆ. ನಾಲ್ಕು, ಕೆಲವೊಮ್ಮೆ ಐದು. ಮಿಕ್ಕವೆಲ್ಲ ಅಲ್ಲೇ ಇವೆ, ನಾನು ಕಣ್ಣಾರೆ ನೋಡಿದ್ದೇನೆ. ಸೇನ್ ಬಾಬು ಹೇಳಿದ್ದು ಇವಕ್ಕೂ ಸಲ್ಲುತ್ತದೆ: ಉರಿಯುವುದು ಕಾಣದಿದ್ದರೆ ತಪ್ಪು ಅವುಗಳದ್ದಲ್ಲ, ನಮ್ಮದು.